ಹೊಲದ ಅಗಲ ಮೈನಸ್ ಹದಿನೈದು ಮೀಟರ್

ತಂಗಿ,

ನಿನ್ನೆ ಸಂಜೆ ನೀನು ನೋಟ್‌ಬುಕ್ಕು ಹಿಡಿದು ಓಡಿ ಬಂದಾಗ ನಾನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. "ಅಜ್ಜಾ, ಇಪ್ಪತ್ತು ಲೆಕ್ಕ ಅರ್ಧಾ ತಾಸಿನಾಗ ಮುಗಿಸೇನ್ರಿ" ಅಂದೆ. ನಿನ್ನ ಮುಖದ ಖುಷಿ ನೋಡಿ ನನಗೂ ಖುಷಿಯಾಯಿತು. ಹತ್ತನೇ ಇಯತ್ತೆಗೆ ಬಂದ ಮೇಲೆ ಗಣಿತ ಅಂದರೆ ಮುಖ ಗಂಟಿಕ್ಕುವವರೇ ಹೆಚ್ಚು. ಕನ್ನಡಕ ಹಾಕಿಕೊಂಡು ಪುಟ ತಿರುವಿದೆ. ಹನ್ನೊಂದನೇ ಲೆಕ್ಕ. ಆಯತಾಕಾರದ ಹೊಲದ ಉದ್ದ ಅದರ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 180 ಚದರ ಮೀಟರ್, ಅಗಲ ಎಷ್ಟು? ನಿನ್ನ ದುಂಡು ಅಕ್ಷರದಲ್ಲಿ ಉತ್ತರವೂ ಇತ್ತು, ಅದರ ಕೆಳಗೆ ಎರಡು ಗೆರೆಯೂ ಇತ್ತು: ಅಗಲ = 12 ಮೀ ಅಥವಾ –15 ಮೀ.

"ಮೈನಸ್ ಹದಿನೈದು ಮೀಟರ್ ಅಗಲದ ಹೊಲ ಎಲ್ಲಿ ಐತವಾ? ಕೊಡೋರಿದ್ರ ನಾನೂ ಒಂದೆಕರೆ ತಗೋತೀನಿ" ಅಂದೆ. ನೀನು ನಕ್ಕೆ. ಆಮೇಲೆ ಹೇಳಿದೆ, ಅಪ್ಪನ ಫೋನಿನ ಕ್ಯಾಮೆರಾ ಹಿಡಿದರೆ ಸಮೀಕರಣ ಅದೇ ಬಿಡಿಸುತ್ತದೆ, ಅದನ್ನೇ ನೀನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ ಅಂತ. ಎರಡನೇ ಸಾಲಿನಿಂದ ಮೂರನೇ ಸಾಲಿಗೆ ಹ್ಯಾಂಗ ಬಂತು ಅಂತ ಕೇಳಿದರೆ "ಗೊತ್ತಿಲ್ರಿ" ಅಂದೆ.

ನಾನು ಬೈಯಲಿಲ್ಲ, ಈಗಲೂ ಬೈಯುವುದಿಲ್ಲ. ಫೋನು ತಪ್ಪು ಮಾಡಿಲ್ಲ. x² + 3x – 180 = 0 ಎಂಬ ಸಮೀಕರಣಕ್ಕೆ 12, –15 ಎರಡೂ ಮೂಲಗಳೇ. ಆದರೆ ಫೋನಿನ ಕಣ್ಣಿಗೆ ಬಿದ್ದದ್ದು ಸಮೀಕರಣ ಮಾತ್ರ. ಅದರ ಹಿಂದೆ ಒಂದು ಹೊಲ ಇದೆ, ಹೊಲಕ್ಕೆ ಬದು ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದು ನಿನಗೆ ಗೊತ್ತಿತ್ತು, ಆದರೂ ಬಿಟ್ಟೆ. ಉತ್ತರ ಕೈಗೆ ಬಂದ ಗಳಿಗೆಗೆ ತಲೆ ಬಾಗಿಲು ಹಾಕಿಕೊಂಡಿತು. ರಾತ್ರಿ ಮಲಗಿದ ಮೇಲೂ ನನಗೆ ಅದೇ ಕೊರೆಯಿತು. ಅದಕ್ಕೇ ಈ ಪತ್ರ. ಬಾಯಿಂದ ಹೇಳಿದರೆ "ಹೂಂ ರೀ" ಅಂದು ಓಡುತ್ತೀ. ಬರೆದರೆ ಒಂದಲ್ಲ ಒಂದು ದಿನ ಓದುತ್ತೀ.

ಮೊದಲು ನನ್ನದೇ ಒಂದು ಫಜೀತಿ ಹೇಳುತ್ತೇನೆ. ನಾನು ಮೌಸ್ ಹಿಡಿದದ್ದು ಐವತ್ತು ದಾಟಿದ ಮೇಲೆ. 2011ರಿಂದಾಚೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿಯವರೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯವರೂ ಸೇರಿ ಸರ್ಕಾರಿ ಹೈಸ್ಕೂಲಿನ ಮಾಸ್ತರರಿಗೆ ಕಂಪ್ಯೂಟರ್ ತರಬೇತಿ ಕೊಡಲು ಶುರುಮಾಡಿದರು. ಗಣಿತದವರಿಗೆ ಕಲಿಸಿದ್ದು ಜಿಯೋಜೀಬ್ರಾ ಎಂಬ ತಂತ್ರಾಂಶ. ಅದನ್ನು ಮಾಡಿದವನು ಮಾರ್ಕಸ್ ಹೋಹೆನ್‌ವಾರ್ಟರ್ ಅಂತ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ ತನ್ನ ಪ್ರಬಂಧಕ್ಕೆಂದು ಶುರುಮಾಡಿದ ಕೆಲಸ. ಕಾಸಿಲ್ಲದೆ ಸಿಗುತ್ತದೆ. ಪರದೆಯ ಮೇಲೆ ತ್ರಿಭುಜ ಎಳೆದು, ಒಂದು ಶೃಂಗ ಹಿಡಿದು ಜಗ್ಗಿದರೆ ತ್ರಿಭುಜ ರಬ್ಬರಿನ ಹಾಗೆ ಹಿಗ್ಗುತ್ತದೆ, ಪಕ್ಕದಲ್ಲಿ ಕೋನಗಳ ಅಳತೆ ತಾನೇ ಬದಲಾಗುತ್ತದೆ. ಇಪ್ಪತ್ತೈದು ವರ್ಷ ಸೀಮೆಸುಣ್ಣದಲ್ಲಿ ಗೆರೆ ಕೊರೆದವನಿಗೆ ಅದು ಮಾಟದ ಹಾಗೆ ಕಂಡಿತು.

ಆಗ ನಾನು ಮುಧೋಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಪ್ರೊಜೆಕ್ಟರ್ ಹೊಂದಿಸಿ, ಕಿಟಕಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿ, ತ್ರಿಭುಜ ಜಗ್ಗಿ ಜಗ್ಗಿ ತೋರಿಸಿದೆ. ಎಷ್ಟು ಜಗ್ಗಿದರೂ ಮೂರು ಕೋನಗಳ ಮೊತ್ತ 180. ಹುಡುಗರು "ಹೋ" ಅಂದರು. ನಾನು ಉಬ್ಬಿಹೋದೆ. ಮುಂದಿನ ವಾರ ಕಿರುಪರೀಕ್ಷೆ ಕೊಟ್ಟೆ: ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ ಎಂದು ಸಾಧಿಸಿ. ಅರ್ಧಕ್ಕರ್ಧ ಹುಡುಗರು ಬರೆದದ್ದು ಒಂದೇ ಸಾಲು: "ಕಂಪ್ಯೂಟರಿನಲ್ಲಿ ನೋಡಿದ್ದೇವೆ."

ಅವರದ್ದು ತಪ್ಪಲ್ಲ ತಂಗಿ, ನನ್ನದು. ತೋರಿಸಿದ್ದನ್ನೇ ಕಲಿಸಿದ್ದು ಅಂದುಕೊಂಡಿದ್ದೆ.

ನನ್ನನ್ನು ಉಳಿಸಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗ. ಪಾಠಕ್ಕೆ ಹೆಚ್ಚು ಗಮನ ಕೊಡುವವನಲ್ಲ, ಜಗಳಕ್ಕೆ ಮುಂದು. ಎರಡನೇ ಸಲ ಪ್ರೊಜೆಕ್ಟರ್ ಹಚ್ಚಿದಾಗ ಅವನು ಪರದೆಯ ಮೇಲಿನ ಮೂರು ಅಂಕಿಗಳನ್ನು ಪಟ್ಟಿಯಲ್ಲಿ ಬರೆದು ಕೂಡಿಸಿದ್ದ. 47.33, 61.34, 71.34. "ಸರ, ನೂರಾ ಎಂಬತ್ತಕ್ಕ ಪಾಯಿಂಟ್ ಸೊನ್ನಿ ಒಂದು ಹೆಚ್ಚು ಬರಾಕತ್ತೈತ್ರಿ. ಪುಸ್ತಕ ತಪ್ಪೋ, ಕಂಪ್ಯೂಟರ್ ತಪ್ಪೋ?"

ನೀನೂ ಕೂಡಿಸಿ ನೋಡು. 180.01 ಬರುತ್ತದೆ. ತರಗತಿ ಗಪ್ಪಾಯಿತು. ನನಗೂ ಒಂದು ನಿಮಿಷ ಬೆವರು. ಆಮೇಲೆ ಹೊಳೆಯಿತು, ಪರದೆ ತೋರಿಸುವುದು ಎರಡೇ ದಶಮಾಂಶ ಸ್ಥಾನ. ಒಳಗಿನ ನಿಜವಾದ ಅಳತೆ 47.326, 61.337, 71.337ರ ಹಾಗೆ ಏನೋ ಇದ್ದೀತು. ಅವನ್ನು ಕೂಡಿದರೆ ಸರಿಯಾಗಿ 180. ಮೂರನ್ನೂ ಮೇಲಕ್ಕೆ ದುಂಡಗೆ ಮಾಡಿದಾಗ ಆ ಒಂದು ಪಾಯಿಂಟು ನುಸುಳಿತು. ಅಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಅವನು ಬಿಡಲಿಲ್ಲ. "ಹಂಗಾದ್ರ ಒಳಗಿನದು ನೂರಾ ಎಂಬತ್ತೇ ಅಂತ ಹ್ಯಾಂಗ ಗೊತ್ತಾತ್ರಿ?"

ಇದನ್ನೇ ಕೇಳಬೇಕಾಗಿದ್ದದ್ದು. ನೀನು ಸಾವಿರ ತ್ರಿಭುಜ ಜಗ್ಗು, ಲಕ್ಷ ಜಗ್ಗು. ಪರದೆ ನಿನಗೆ ನಂಬಿಕೆ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಕಾರಣ ಬೇಕೆಂದರೆ ಪ್ರೊಜೆಕ್ಟರ್ ಆರಿಸಿ, ಜಮಖಾನೆ ಬಿಚ್ಚಿ, ಹಲಗೆಗೆ ಬರಬೇಕು. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದೆ. ಎಡಗಡೆ ಪರ್ಯಾಯ ಕೋನ, ಬಲಗಡೆ ಪರ್ಯಾಯ ಕೋನ, ನಡುವೆ ಶೃಂಗಕೋನ, ಮೂರೂ ಸೇರಿ ಒಂದು ಸರಳ ರೇಖೆ. ಇದರಲ್ಲಿ ದಶಮಾಂಶವೇ ಇಲ್ಲ, ದುಂಡಗೆ ಮಾಡುವ ಮಾತೇ ಇಲ್ಲ. ಹುಡುಗ ಸ್ವಲ್ಪ ಹೊತ್ತು ಹಲಗೆ ನೋಡಿ "ಹಾಂ, ಈಗ ಜಗ್ಗಿದ್ರೂ ತಪ್ಪಂಗಿಲ್ಲ" ಅಂದ. ನಾನು ಕೊಟ್ಟ ಯಾವ ವ್ಯಾಖ್ಯೆಗಿಂತಲೂ ಅದು ಚಲೋ ಇತ್ತು.

ಅಂದಿನಿಂದ ನಾನು ಒಂದು ರೂಢಿ ಹಾಕಿಕೊಂಡೆ, ನಿನಗೂ ಅದನ್ನೇ ಕೊಡುತ್ತೇನೆ. ಪರದೆಯ ಮೇಲೆ ಏನನ್ನಾದರೂ ಜಗ್ಗುವ ಮೊದಲು, ಒತ್ತುವ ಮೊದಲು, ಏನಾದೀತು ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆ. ಪೆನ್ನಿನಲ್ಲಿ ಬರೆ, ಪೆನ್ಸಿಲ್ಲಿನಲ್ಲಿ ಬೇಡ. ಅಳಿಸುವ ಆಸೆ ಆಗಬಾರದು. ಆಮೇಲೆ ಜಗ್ಗಿ ನೋಡು. ಊಹೆ ತಪ್ಪಿತೋ, ಅಲ್ಲೇ ನಿಲ್ಲು, ಎಲ್ಲಿ ತಪ್ಪಿತು ಎಂದು ಹುಡುಕು. ಊಹೆ ಸರಿಯಾದರೂ ಯಾಕೆ ಸರಿಯಾಯಿತು ಎಂದು ಎರಡು ಸಾಲು ಬರೆ.

ಈಗಲೇ ಒಂದು ಮಾಡಿ ನೋಡು. ಜಿಯೋಜೀಬ್ರಾದಲ್ಲಿ y = x² – 4x + c ಅಂತ ಬರೆ. cಗೆ ಸ್ಲೈಡರ್ ಕೊಡು. c 3 ಇದ್ದಾಗ ವಕ್ರರೇಖೆ x ಅಕ್ಷವನ್ನು 1ರಲ್ಲಿ, 3ರಲ್ಲಿ ಕಡಿಯುತ್ತದೆ. cಯನ್ನು 4ಕ್ಕೆ ಒಯ್ದರೆ ಏನಾಗುತ್ತದೆ? 5ಕ್ಕೆ ಒಯ್ದರೆ? ಉತ್ತರ ನಾನು ಹೇಳುವುದಿಲ್ಲ. ಪುಸ್ತಕದಲ್ಲಿ ನೀನು ಬಾಯಿಪಾಠ ಮಾಡಿದ b² – 4acಯ ಮೂರು ಸಾಲುಗಳು ಆ ಸ್ಲೈಡರಿನಲ್ಲಿ ಅಡಗಿ ಕೂತಿವೆ ಅಂತಷ್ಟೇ ಹೇಳುತ್ತೇನೆ.

ಊಹೆ ಅಂದರೆ ಬಾಯಿಗೆ ಬಂದದ್ದು ಒದರುವುದಲ್ಲ ಮತ್ತೆ. ಅದು ಬದುಕಿನಿಂದ ಬರಬೇಕು. ಬೀಳಗಿ ಕಡೆ ಇದ್ದಾಗಿನ ಮಾತು ಹೇಳುತ್ತೇನೆ. ಆ ತಾಲ್ಲೂಕಿನ ಮಕ್ಕಳಿಗೆ ಎರಡು ಅಂಕಿ ಹುಟ್ಟಾ ಗೊತ್ತು, 519.60 ಮತ್ತು 524.256. ಮೀಟರಿನಲ್ಲಿ ಆಲಮಟ್ಟಿ ಜಲಾಶಯದ ನೀರು ಈಗ ನಿಲ್ಲುವ ಮಟ್ಟ ಮೊದಲನೆಯದು, ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದ ಎತ್ತರ ಎರಡನೆಯದು. ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದ ಮನೆಗಳಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ಒಮ್ಮೆ ಒಬ್ಬ ಹುಡುಗಿ ಕೇಳಿದಳು, "ಸರ, 524.256 ಅಂತ ಇಷ್ಟು ಸಣ್ಣ ಲೆಕ್ಕ ಯಾಕ? 524 ಅಂದ್ರ ಆಗಂಗಿಲ್ಲೇನ್ರಿ?" ಕ್ಯಾಲ್ಕ್ಯುಲೇಟರ್ ಕೊಟ್ಟೆ, 0.3048ರಿಂದ ಭಾಗಿಸು ಅಂದೆ. ಒಂದು ಅಡಿ ಅಂದರೆ ಅಷ್ಟು ಮೀಟರ್. ಬಂದದ್ದು 1720, ಸರಿಯಾಗಿ, ಒಂದು ಚೂರೂ ಉಳಿಯದೆ. ಆ ವಿಚಿತ್ರ ಮೀಟರ್ ಲೆಕ್ಕ ಅಡಿಯಲ್ಲಿ ದುಂಡು ಅಂಕಿ. ಅವಳ ಕಣ್ಣು ಅರಳಿದ್ದು ನೆನಪಿದೆ. 519.60ನ್ನೂ ತಾನೇ ಭಾಗಿಸಿದಳು, 1704.72 ಬಂತು, ದುಂಡಲ್ಲ. ಅದ್ಯಾಕೆ ಹಾಗೆ ಎಂಬ ಜಗಳ ಇಡೀ ಪಿರಿಯಡ್ ನುಂಗಿತು.

ಮುಂದಿನ ಪಿರಿಯಡ್ಡಿನಲ್ಲೇ ತ್ರಿಕೋನಮಿತಿ ಹಿಡಿದೆವು. ಎರಡೂ ಮಟ್ಟಗಳ ನಡುವಿನ ಅಂತರ 4.656 ಮೀಟರ್. ಒಬ್ಬ ಆಳಿನ ಮೇಲೆ ಇನ್ನೊಬ್ಬ, ಅವನ ಮೇಲೆ ಅರ್ಧ ಆಳು ನಿಂತಷ್ಟು. ಹಾಗಾದರೆ ನೀರಿನ ಅಂಚು ಹೊಲದೊಳಕ್ಕೆ ಎಷ್ಟು ದೂರ ಬಂದೀತು? ಊಹೆ ಬರೆಯಿರಿ ಅಂದೆ. ಪೇಟೆಯ ಹುಡುಗರು ಐದು ಮೀಟರ್, ಹತ್ತು ಮೀಟರ್ ಬರೆದರು. ಪುನರ್ವಸತಿ ಕೇಂದ್ರದ ಒಬ್ಬ ಹುಡುಗ "ಎರಡು ಹೊಲ ದಾಟಿ" ಅಂತ ಬರೆದ. ಮೀಟರಿಲ್ಲ, ಏಕಮಾನವಿಲ್ಲ, ಪರೀಕ್ಷೆಯಲ್ಲಾದರೆ ಸೊನ್ನೆ. ಪರದೆಯ ಮೇಲೆ ಒಂದು ಇಳಿಜಾರು ಎಳೆದೆವು, ನೀರಿನ ಗೆರೆಗೆ ಸ್ಲೈಡರ್ ಕಟ್ಟಿದೆವು. ಇಳಿಜಾರು 45 ಡಿಗ್ರಿ ಇದ್ದರೆ ಅಂಚು ಸರಿಯುವುದು ಅದೇ 4.656 ಮೀಟರ್. ಆದರೆ ನದಿದಂಡೆಯ ಕರಿಹೊಲ 45 ಡಿಗ್ರಿ ಎಲ್ಲಿರುತ್ತದೆ? ಒಂದು ಡಿಗ್ರಿಗೆ ಇಳಿಸಿದೆವು. 4.656ನ್ನು tan 1°ಯಿಂದ ಭಾಗಿಸಿದರೆ ಸುಮಾರು 267 ಮೀಟರ್. ಅರ್ಧ ಡಿಗ್ರಿಗೆ ಇಳಿಸಿದರೆ 534. ಸ್ಲೈಡರ್ ಒಂದು ಕೂದಲೆಳೆ ಸರಿದರೆ ನೀಲಿ ಬಣ್ಣ ಅರ್ಧ ಪರದೆ ನುಂಗುತ್ತಿತ್ತು. ಎರಡು ಹೊಲ ಅಂದವನು ಏನೂ ಮಾತಾಡಲಿಲ್ಲ. ಅವನ ಅಜ್ಜಿ ಅದನ್ನು ಕಣ್ಣಾರೆ ಕಂಡಿದ್ದಳು. ನಿಜವಾದ ನೆಲ ಆ ಗೆರೆಯ ಹಾಗೆ ನೆಟ್ಟಗಿರುವುದಿಲ್ಲ, ಹಳ್ಳ ದಿನ್ನೆ ಇರುತ್ತವೆ ಅನ್ನುವುದನ್ನೂ ಹೇಳಿದೆ. ಆದರೂ tan ಅಂದರೇನು ಎಂದು ಆ ತರಗತಿಗೆ ನಾನು ಮತ್ತೆ ಹೇಳಬೇಕಾಗಲಿಲ್ಲ.

ಫೋನಿನ ಅಳತೆಯನ್ನು ಎಷ್ಟು ನಂಬಬೇಕು ಎಂಬುದಕ್ಕೂ ಒಂದು ಮಾತು. ನಿಮ್ಮ ಸೋದರಮಾವ ಮುಧೋಳದ ಕಬ್ಬಿನ ಹೊಲವನ್ನು ಫೋನ್ ಹಿಡಿದು ಸುತ್ತಿ ಗುಂಟೆ ಲೆಕ್ಕ ಹಾಕುತ್ತಾನಲ್ಲ, ಬಯಲಿನಲ್ಲಿ ನಿಂತರೂ ಆ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸಬಹುದು. ಹತ್ತೆಕರೆಗೆ ಅದು ಲೆಕ್ಕಕ್ಕಿಲ್ಲ, ಸಣ್ಣ ತುಂಡಿಗೆ ಬಹಳ. 130, 140, 150 ಅಡಿ ಬಾಹುಗಳ ಮೂರು ಮೂಲೆಯ ತುಂಡೊಂದನ್ನು ಟೇಪು ಹಿಡಿದು ಅಳೆದು ಹೆರಾನನ ಸೂತ್ರ ಹಾಕಿದರೆ 8400 ಚದರ ಅಡಿ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಅಂದರೆ ಏಳೂ ಮುಕ್ಕಾಲಿಗೆ ಚೂರು ಕಡಿಮೆ ಗುಂಟೆ. ಫೋನು ಒಂಬತ್ತು ಅಂದರೆ ನಂಬಬೇಡ. ಹೊಲ ಅಳೆಯುವ ಲೆಕ್ಕ ನಮಗೆ ಹೊಸದಲ್ಲ, ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಎಂಬಾತ ಕನ್ನಡದಲ್ಲಿ ಕ್ಷೇತ್ರಗಣಿತ ಬರೆದಿಟ್ಟ. ಕ್ಷೇತ್ರ ಅಂದರೆ ಹೊಲವೇ ತಾನೆ.

ಈಗ ಮನೆಯ ಸಂಗತಿಗೆ ಬರೋಣ. ನಿಮ್ಮ ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್ ಫೋನು, ಅದೂ ಅಪ್ಪನದು. ನೂಲಿನ ವ್ಯಾಪಾರಿ, ಸೀರೆಯ ಸಾಹುಕಾರ ಎಲ್ಲರೂ ಅದಕ್ಕೇ ಫೋನ್ ಮಾಡುತ್ತಾರೆ. ನಿನಗೆ ಸಿಗುವುದು ರಾತ್ರಿ ಒಂದು ತಾಸು. ಆ ತಾಸನ್ನು ಹುಡುಕಾಟದಲ್ಲಿ ಕಳೆಯಬೇಡ. ಜಿಯೋಜೀಬ್ರಾ ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಆ ಪಾಠದ ವಿಡಿಯೋ ತೆರೆಯುತ್ತದೆ, ಅದನ್ನೂ ಇಳಿಸಿಟ್ಟುಕೊಳ್ಳಬಹುದು. ಖಾನ್ ಅಕಾಡೆಮಿಯ ಪಾಠಗಳು ಕನ್ನಡದಲ್ಲೂ ಇವೆ. ರವಿವಾರ ನಮ್ಮ ಮನೆಗೆ ಬಾ, ವೈಫೈ ಇದೆ, ವಾರಕ್ಕೆ ಬೇಕಾದಷ್ಟು ತುಂಬಿಕೊಂಡು ಹೋಗು.

ವಿಡಿಯೋ ನೋಡುವಾಗ ಒಂದು ಗುಟ್ಟು. ಪಾಠ ಮಾಡುವವರು "ಆದ್ದರಿಂದ" ಅಂದ ಕೂಡಲೇ ನಿಲ್ಲಿಸು. ಆ ಪದದ ಮುಂದಿನ ಸಾಲು ನೀನು ಬರೆದು, ಆಮೇಲೆ ಮುಂದಕ್ಕೆ ಬಿಡು. 2020ರಲ್ಲಿ ಸಾಲಿ ಮುಚ್ಚಿದಾಗ ಜುಲೈ 20ರಿಂದ ಚಂದನ ಟಿವಿಯಲ್ಲಿ ಸಂವೇದ ಪಾಠ ಬರುತ್ತಿತ್ತು, ಎಂಟು, ಒಂಬತ್ತು, ಹತ್ತನೆಯವರಿಗೆ. ಆಗ ನಾನು ನಿವೃತ್ತನಾಗಿ ಜಮಖಂಡಿಯಲ್ಲಿದ್ದೆ, ಓಣಿಯ ನಾಲ್ಕಾರು ಮಕ್ಕಳು ನಮ್ಮ ಟಿವಿ ಮುಂದೆ ಕೂರುತ್ತಿದ್ದರು. ಪಾಠ ಚಲೋ ಇರುತ್ತಿತ್ತು. ಆದರೆ ಟಿವಿಯನ್ನು ನಿಲ್ಲಿಸಲು ಬರುತ್ತಿರಲಿಲ್ಲ. "ಆದ್ದರಿಂದ" ಬಂದು ಹೋಗಿಬಿಡುತ್ತಿತ್ತು, ಮಕ್ಕಳು ಇನ್ನೂ ಹಿಂದಿನ ಸಾಲಿನಲ್ಲೇ ಇರುತ್ತಿದ್ದರು. ಆ ನಿಲ್ಲಿಸುವ ಗುಂಡಿ ಈಗ ನಿನ್ನ ಹೆಬ್ಬೆರಳಿನ ಕೆಳಗಿದೆ. ನಾನು ಕಂಡ ಹಾಗೆ ಹುಡುಗರು ಅದನ್ನು ಒತ್ತುವುದು ಜಾಹೀರಾತು ಬಂದಾಗ ಮಾತ್ರ.

ಎಐ ಬಗ್ಗೆಯೂ ನೀನು ಕೇಳಿದ್ದೆ. ನಿಮ್ಮಣ್ಣ ಅದರಿಂದಲೇ ಎಲ್ಲ ಬರೆಸುತ್ತಾನಂತೆ. ನಾನೂ ನೋಡಿದೆ. ಬಹಳ ನಯವಾಗಿ ಮಾತಾಡುತ್ತದೆ, ತಪ್ಪು ಹೇಳುವಾಗಲೂ ಅಷ್ಟೇ ನಯ. ವೃತ್ತದ ಪಾಠದ ಛೇದಕ ಕೇಳಿದರೆ ಭಿನ್ನರಾಶಿಯ ಛೇದದ ಕಡೆ ಹೊರಟುಬಿಟ್ಟಿತ್ತು ನನ್ನ ಎದುರಿಗೇ. ಆದರೆ ಒಂದು ಕೆಲಸಕ್ಕೆ ಅದು ಬಹಳ ಉಪಯೋಗ. ಲೆಕ್ಕ ನೀನು ಮಾಡು, ತಪ್ಪೋ ಸರಿಯೋ ಪೂರ್ತಿ ಮಾಡು, ಆಮೇಲೆ ಅದಕ್ಕೆ ತೋರಿಸಿ "ಉತ್ತರ ಹೇಳಬೇಡ, ಯಾವ ಸಾಲಿನಲ್ಲಿ ಎಡವಿದ್ದೇನೆ ಅಷ್ಟು ಹೇಳು" ಅಂತ ಕೇಳು. ಅದು ಹೇಳಿದ್ದು ಸರಿಯೋ ಎಂದು ನೀನು ಅದನ್ನು ಪರೀಕ್ಷಿಸು. ಅದಕ್ಕೆ ಮಾಸ್ತರಿಕೆ ಮಾಡಿದರೆ ನಿನಗೇ ಪಾಠವಾಗುತ್ತದೆ.

ಇನ್ನೊಂದು, ಇದು ಮುಂದಿನ ವರ್ಷದ ಮಾತು. ಪಿಯುಸಿ ವಿಜ್ಞಾನಕ್ಕೆ ಹೋದರೆ ಎಲ್ಲ ಇಂಗ್ಲಿಷು. ಈಗಿನಿಂದಲೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಎರಡು ಕಾಲಂ ಹಾಕು. ಸ್ಪರ್ಶಕ ಅಂದರೆ ಟ್ಯಾಂಜೆಂಟ್, ಛೇದಕ ಅಂದರೆ ಸೀಕೆಂಟ್, ಶ್ರೇಢಿ ಅಂದರೆ ಪ್ರೊಗ್ರೆಶನ್. ಬರೆಯುತ್ತಾ ಹೋದರೆ ತ್ರಿಕೋನಮಿತಿಯ ಆ tan ಕೂಡ ಇದೇ ಟ್ಯಾಂಜೆಂಟ್ ಅಂತ ನಿನಗೇ ಹೊಳೆಯುತ್ತದೆ. ಕನ್ನಡದಲ್ಲಿ ಕಲಿತದ್ದಕ್ಕೆ ನಾಚಿಕೆ ಪಡಬೇಕಿಲ್ಲ. ಸಣ್ಣ ಊರಿನಲ್ಲಿ ಕಲಿತದ್ದಕ್ಕೂ ಇಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಇಡೀ ರಾಜ್ಯಕ್ಕೆ 625ಕ್ಕೆ 625 ತೆಗೆದವಳು ಒಬ್ಬಳೇ, ಇಲ್ಲೇ ನಮ್ಮ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ವಸತಿ ಶಾಲೆಯವಳು. ನಾವು ಬನಹಟ್ಟಿಯವರು ದೂರದ ಕೋಚಿಂಗಿನ ಬೋರ್ಡು ನೋಡಿ ನಿಟ್ಟುಸಿರು ಬಿಡುತ್ತಾ ಕೂತಿದ್ದೆವು.

ನೀನು ನಿನ್ನೆ ಹೋಗುವಾಗ ಕೇಳಿದೆಯಲ್ಲ, "ನಿಮ್ಮ ಕಾಲದಾಗ ಡಿಜಿಟಲ್ ಇರಲಿಲ್ಲಲ್ರಿ, ನಿಮಗ ಹ್ಯಾಂಗ ಗೊತ್ತು" ಅಂತ. ಇತ್ತು ತಂಗಿ. ನೀನು ಹುಟ್ಟುವ ಮೊದಲಿನಿಂದ ನಿಮ್ಮ ಮನೆಯ ಹಿಂದಿನ ಖೋಲಿಯಲ್ಲೇ ಖಟಖಟ ಅನ್ನುತ್ತಿದೆ. ನಿಮ್ಮಪ್ಪನ ಮಗ್ಗದ ಮೇಲೆ ಜಕಾರ್ಡ್ ಇದೆಯಲ್ಲ, ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ. ತೂತು ಇದ್ದಲ್ಲಿ ಕೊಕ್ಕೆ ಏರಿ ಹಾಸಿನ ಎಳೆ ಮೇಲೇಳುತ್ತದೆ, ತೂತು ಇಲ್ಲದಲ್ಲಿ ಕೆಳಗೇ ಇರುತ್ತದೆ. ನಡುವೆ ಹೊಕ್ಕು ಓಡುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ಇದೆ, ಇಲ್ಲ, ಇಷ್ಟೇ ಅದರ ಭಾಷೆ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರ ಸುಮಾರಿಗೆ ಕಟ್ಟಿದ ಈ ಉಪಾಯವನ್ನೇ ಮುಂದೆ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆಯಲು ಹೊರಟ. ಸೀರೆಯ ಅಂಚಿನ ನವಿಲು ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ಹುಟ್ಟುತ್ತದೆ, ನಿನ್ನ ನಿರ್ದೇಶಾಂಕ ರೇಖಾಗಣಿತದ ಹಾಗೆಯೇ.

ರವಿವಾರ ಬರುವಾಗ ಅಪ್ಪನ ಕೇಳಿ ಒಂದು ಹಳೇ ಕಾರ್ಡು ತಗೊಂಡು ಬಾ. ಒಂದು ಸಾಲಿನಲ್ಲಿ ಎಂಟು ಜಾಗ ಇದ್ದರೆ, ತೂತು ಕೊರೆದು, ಕೊರೆಯದೆ ಬಿಟ್ಟು ಎಷ್ಟು ಬೇರೆ ಬೇರೆ ಸಾಲು ಮಾಡಬಹುದು? ಫೋನಿಗೆ ಕೇಳಬೇಡ. ಮೊದಲು ಊಹೆ ಬರೆದುಕೊಂಡು ಬಾ, ಪೆನ್ನಿನಲ್ಲಿ. ಆ ಹನ್ನೊಂದನೇ ಲೆಕ್ಕವನ್ನೂ ಇನ್ನೊಮ್ಮೆ ಬರೆ. ಆ –15ನ್ನು ಯಾಕೆ ಬಿಟ್ಟೆ ಎಂದು ಪಕ್ಕದಲ್ಲಿ ಒಂದು ಸಾಲು ಇರಲಿ. ಶೇಂಗಾ ಹುರಿದು ಇಟ್ಟಿರುತ್ತೇನೆ.